ಸುಮ್ಮಾ ಇರುಂಗ

ಸೇಲಂನ ಆ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಮೊದಲ ದಿನವೇ ನಾನು ಬಾಗಿಲ ಪಕ್ಕದ್ದನ್ನು ಹಿಡಿದೆ. ಹೊಸ ಕೌನ್ಸೆಲರ್ ಮೇಡಂ, ನನಗಿಂತ ಚಿಕ್ಕವರು, ಎದುರು ಕೂತರು. ಧರ್ಮಪುರಿಯಲ್ಲಿ ಎರಡು ವರ್ಷ ನನ್ನ ಮಾತು ಕೇಳುತ್ತಿದ್ದ ಹಳೆಯ ಕೌನ್ಸೆಲರ್ ಊರು ಬಿಟ್ಟಿದ್ದರು. ಈಗ ಇವರ ಮುಂದೆ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ಸಿಟ್ಟು ಬಂದಿತ್ತು. ನನ್ನ ಬಾಲ್ಯವೇನು ಆಧಾರ್ ಕಾರ್ಡೇ, ಕೇಳಿದವರಿಗೆಲ್ಲ ಜೆರಾಕ್ಸ್ ಕೊಡಲು?

ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಕೈ ಬ್ಯಾಗಿನ ಜಿಪ್ಪನ್ನು ಎಳೆಯುತ್ತಿತ್ತು, ಬಿಡುತ್ತಿತ್ತು. ಅದನ್ನು ನೋಡಿ ಮೇಡಂ ತಮಿಳಿನಲ್ಲಿ ಮೆಲ್ಲಗೆ, "ಸುಮ್ಮಾ ಇರುಂಗ," ಎಂದರು.

ನಾನು ಎದ್ದು ಹೊರಟುಬಿಟ್ಟೆ. ಊರಿಗೆ ಮರಳುವ ಬಸ್ಸು ಓಮಲೂರು ದಾಟುವವರೆಗೂ ಬ್ಯಾಗಿನ ಜಿಪ್ಪು ಎಳೆಯುತ್ತಲೇ ಇದ್ದೆ.

ತಮಿಳು ನನಗೆ ಬಾರದ ಭಾಷೆಯಲ್ಲ. ಓದಿದ್ದು ತಮಿಳು, ಕೆಲಸ ತಮಿಳು, ಕಂಡಕ್ಟರನ್ನು ಬೈಯುವುದೂ ತಮಿಳಿನಲ್ಲೇ. ಆದರೆ ನಲ್ಲಂಪಳ್ಳಿ ಕಡೆಯ ನಮ್ಮ ಮನೆಯೊಳಗೆ ಕನ್ನಡ. ನನಗೆ ಆರು ತುಂಬಿದಾಗಿನಿಂದ ದೊಡ್ಡಪ್ಪ ಕುರಿ ಕಟ್ಟುವ ಹಗ್ಗದಲ್ಲಿ ಹೊಡೆದು, ಮೇವಿನ ಕೋಣೆಗೆ ದೂಡಿ ಚಿಲಕ ಹಾಕುತ್ತಿದ್ದ. ಬಾಸುಂಡೆ ತೋರಿಸಿದರೆ ಅಜ್ಜಿ ಎಣ್ಣೆ ಹಚ್ಚುತ್ತಾ ಹೇಳುತ್ತಿದ್ದದ್ದು ಒಂದೇ ಮಾತು: "ಸುಮ್ಕಿರಮ್ಮಿ. ಮನೆ ಮಾತು ಆಚೆಗ್ ಓಗ್ಬಾರ್ದು." ಅಜ್ಜಿಯ ಮೇಲೆ ನನಗೆ ದೊಡ್ಡಪ್ಪನಿಗಿಂತ ಹೆಚ್ಚು ಸಿಟ್ಟು. ಯಾಕೆಂದು ಧರ್ಮಪುರಿಯ ಕೌನ್ಸೆಲರಿಗೂ ಹೇಳಿರಲಿಲ್ಲ.

ಒಂದು ವಾರ ಬಾಲ ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಸುತ್ತಿದೆ. ಈ ಮೇಡಂ ಅವರನ್ನು ಬಿಟ್ಟರೆ ಇನ್ನು ಯಾರ ಹತ್ತಿರವೂ ಬಾಯಿ ಬಿಡಲಾರೆ ಎಂದು ಗೊತ್ತಿತ್ತು. ಜಗಳವನ್ನಾದರೂ ಆಡಿ ಬರೋಣವೆಂದು ಹೋದೆ.

"ನೀವೂ ಬಾಯಿ ಮುಚ್ಚು ಅಂದ್ರಿ," ಎಂದು ನಿಂತುಕೊಂಡೇ ತಮಿಳಿನಲ್ಲಿ ಹೇಳಿದೆ.

ಮೇಡಂ ಗಾಬರಿಯಾದರು. "ಅಯ್ಯೋ, ಆರಾಮಾಗಿ ಕೂತ್ಕೊಳ್ಳಿ ಅಂದೆ. ಏನೂ ಮಾಡಬೇಕಾಗಿಲ್ಲ ಅಂತ."

ಗೊತ್ತಿತ್ತು. ದಿನಕ್ಕೆ ನೂರು ಸಲ ನಾನೇ ಆಡುವ ಪದ: ಸುಮ್ಮಾ ಬಂದೆ, ಸುಮ್ಮಾ ಕೇಳಿದೆ. ಆ ಕೋಣೆಯಲ್ಲಿ ಮಾತ್ರ ಅದು ಕಿವಿಗೆ ಕನ್ನಡವಾಗಿ ಬಿದ್ದಿತ್ತು.

ಅಜ್ಜಿಯ ಮಾತನ್ನು ತಮಿಳಿಗೆ ತಿರುಗಿಸಿ ಹೇಳಿದೆ, ಸಪ್ಪೆಯಾಯಿತು. "ನಿಮ್ಮ ಭಾಷೆಯಲ್ಲೇ ಹೇಳಿ. ತಿಳೀದಿದ್ರೆ ಕೇಳ್ತೀನಿ," ಎಂದರು. ಕೇಳಿದರು ಕೂಡ. ಬಾಸುಂಡೆ ಅಂದರೇನು? ಚಿಲಕ ಅಂದರೇನು? ಅದು ಒಳಗಿತ್ತೋ, ಹೊರಗಿತ್ತೋ? ಹೊರಗೆ ಎಂದೆ. ಎದ್ದು ಹೋಗಿ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಬಂದರು. ಆಚೆ ಕೂತವರಿಗೆ ಕೇಳಿಸಿದರೂ ನನ್ನ ಕನ್ನಡ ಅಲ್ಲಿ ಯಾರಿಗೆ ತಿಳಿಯಬೇಕು! ಆದರೂ ಚಿಲಕದಿಂದ ಮುಂದಕ್ಕೆ ನಾನು ಹೋಗಲಿಲ್ಲ.

ಆಮೇಲೆ ಆ ಪದ ಆಡದಿರಲು ಮೇಡಂ ಪಟ್ಟ ಪಾಡು ನೋಡುವಂತಿತ್ತು. ತಮಿಳಿನಲ್ಲಿ ಸುಮ್ಮಾ ಬಿಟ್ಟು ಮಾತಾಡುವುದೆಂದರೆ ಉಪ್ಪಿಲ್ಲದೆ ಸಾರು ಮಾಡಿದ ಹಾಗೆ. ಕಳೆದ ತಿಂಗಳು, ನನ್ನ ಕಾಲು ಕುಣಿಯುತ್ತಿದ್ದಾಗ, ಬಾಯಿ ತಪ್ಪಿ ಬಂದೇಬಿಟ್ಟಿತು: "ಸುಮ್ಮಾ ಇರುಂಗ." ಅಂದವರೇ ನಾಲಿಗೆ ಕಚ್ಚಿಕೊಂಡು ಬಾಗಿಲ ಕಡೆ ನೋಡಿದರು.

ನಾನು ಏಳಲಿಲ್ಲ. ಕಾಲಂತೂ ನಿಲ್ಲಲಿಲ್ಲ.

"ಸುಮ್ಕಿರಾಕಿಲ್ಲ, ಮೇಡಂ," ಎಂದೆ. "ಚಿಲಕ ಆಕ್ತಿದ್ದೋನು ದೊಡ್ಡಪ್ಪ. ಅವ್ನು ಒಂಟೋದ್ಮೇಲೂ ಬಾಗ್ಲಾಚೆ ಅಜ್ಜಿ ಕುಂತಿರೋಳು, ಚಿಲಕ ತೆಗೀತಿರ್ಲಿಲ್ಲ. ಎಲೆ ಅಡಿಕೆ ಕುಟ್ಟೋ ಸದ್ದು ನಂಗೆ ಕೇಳ್ತಿತ್ತು."