ಗುಡದಪ್ಪ ಕಾಕಾನ ಕಿವಿ
ಅಣ್ಣಿಗೇರಿ ಕಡೆ ಮನೆ ಕೊಳ್ಳುವವರು ಗುಡದಪ್ಪ ಕಾಕಾನನ್ನು ಲೂನಾ ಮೇಲೆ ಕೂಡಿಸಿಕೊಂಡು ಬಂದು ಮನೆ ತೋರಿಸದೆ ಮುಂಗಡ ಕೊಡುವುದಿಲ್ಲ. ಕಾಕಾ ಮೊದಲು ಮಣ್ಣಿನ ಗೋಡೆ ನೆಕ್ಕಿ, ಕಣ್ಣು ಮುಚ್ಚಿ ಚಪ್ಪರಿಸಿ, "ಸವಳ ಐತಿ, ಮಳಿಗಾಲಕ್ಕ ಉದರತೈತಿ" ಎನ್ನುತ್ತಾನೆ. ಮಾಳಿಗೆ ಗಟ್ಟಿ ಎಂದ ಮಾಲೀಕನನ್ನೇ ಅದರ ಮೇಲೆ ಹತ್ತಿಸಿ ಕುಣಿಸುತ್ತಾನೆ. ಗೆದ್ದಲು ಮೇಯುವ ಸಪ್ಪಳ ಕೇಳಲು ಗೋಡೆಗೆ ಕಿವಿ ಹಚ್ಚಿದನೆಂದರೆ ಓಣಿಯ ರೇಡಿಯೋಗಳೆಲ್ಲ ಬಂದ್ ಆಗಬೇಕು, "ಆ ಎಮ್ಮಿ ಮೆಲಕ ಹಾಕೋದು ನಿಲ್ಲಸ್ರಿ!" ಎಂದೂ ಒದರುತ್ತಾನೆ. ಮೊನ್ನೆ ಕುಬೇರಪ್ಪನ ಮನೆಯಲ್ಲಿ ಹಾಗೆ ಕಿವಿ ಹಚ್ಚಿದಾಗ, ಮನೆ ಮಾರುವುದು ಬೇಡವಾಗಿದ್ದ ಅವನ ಹೆಂಡತಿ ರೇವವ್ವ ಗೋಡೆಯಾಚೆ ಬಿಕ್ಕುವುದು ಕೇಳಿಸಿತು. ಕಾಕಾ ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಆಮೇಲೆ ಕೊಳ್ಳುವವನಿಗೆ, "ಒಳಗ ಅಗದಿ ಗೆದ್ದಲ ಹತ್ತೇತ್ರಿ, ಈ ಮನಿ ಬ್ಯಾಡ" ಎಂದು ಹೊರಟೇಬಿಟ್ಟ. ಕುಬೇರಪ್ಪ ಇಲ್ಲದ ಗೆದ್ದಲಿಗೆ ಇನ್ನೂ ಸೀಮೆಎಣ್ಣೆ ಸುರಿಯುತ್ತಿದ್ದಾನೆ. ಡಬ್ಬಿ ಹಿಡಿದು ನಿಲ್ಲುವವಳು ರೇವವ್ವ.