ಕಡಲ ಬುಗ್ಗೆಯ ಕೆಸರು

ಅಬ್ದುಲ ಸಮದರು ಮಣ್ಣನ್ನು ನಾಲಗೆಯಿಂದ ಪರೀಕ್ಷಿಸುತ್ತಿದ್ದರು. ಬೀದರಿನ ಬಿದರಿ ಕೆಲಸದವರ ಪದ್ಧತಿಯೇ ಅದು. ಕೋಟೆಯ ಹಳೆಯ ಮಣ್ಣಿಗೆ ನವಸಾಗರವೆಂಬ ಉಪ್ಪು ಬೆರೆಸಿ, ಆ ನೀರಿನಲ್ಲಿ ಕಾಯಿಸಿದರೆ ಸತುವಿನ ಪಾತ್ರೆ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಾಲಗೆಗೆ ಉಪ್ಪು ಚುರುಗುಟ್ಟಿದರೆ ಮಣ್ಣು ಒಳ್ಳೆಯದು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಆ ಚಳಿಗಾಲ ಅವರು ಯಾರನ್ನೂ ನಂಬುತ್ತಿರಲಿಲ್ಲ. ಹೊಸ ಸರ್ಕಾರ ಕೋಟೆಯ ಮಣ್ಣು ಮುಟ್ಟಗೊಡುವುದಿಲ್ಲವೆಂಬ ಸುದ್ದಿ ಹಬ್ಬಿತ್ತು. ಔರಾದದಿಂದ ಬಂದು ಬೀದರಿನ ಮೈಲೂರಿನಲ್ಲಿ ಬಾಡಿಗೆಗಿದ್ದ ನಾನು ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ; ಅವರ ಕಣ್ಣಿಗೆ ಸರ್ಕಾರದವನೇ. ನಾನು ಹೋಗಿ ಕೂತರೆ ಮಣ್ಣಿನ ಚೀಲಕ್ಕೆ ಗೋಣಿ ಮುಚ್ಚುತ್ತಿದ್ದರು. ಚಹಾ ಮಾತ್ರ ತಪ್ಪದೆ ತರಿಸುತ್ತಿದ್ದರು.

ಅವರು ಇಡೀ ಮಳೆಗಾಲ ಕೂತು ಬೆಳ್ಳಿ ಬಳ್ಳಿ ಕೂರಿಸಿದ, ಉದ್ದ ಕತ್ತಿನ ಸುರಾಯಿಯೊಂದು ಕಪ್ಪಾಗುವುದಷ್ಟೇ ಬಾಕಿಯಿತ್ತು. ಅದನ್ನು ಕೊಳ್ಳಬೇಕಿದ್ದ ಭಾಲ್ಕಿಯ ವ್ಯಾಪಾರಿ ಜ್ಞಾನೇಶ್ವರ ಒಂದು ಗಡಿಗೆ ಕರಿ ಕೆಸರು ತಂದ. ಕೊಂಕಣದ ಸಮುದ್ರದಂಡೆಯಲ್ಲಿ ಬಿಸಿನೀರ ಬುಗ್ಗೆಯಿದೆ, ಅದರ ಕೆಸರಿನಲ್ಲಿ ತಾಮ್ರದ ಕಾಸು ಗಳಿಗೆಯಲ್ಲಿ ಕಪ್ಪಾಯಿತು, ಇನ್ನು ಕೋಟೆಯ ಗೊಡವೆಯೇ ಬೇಡ ಎಂದ. ಅಲ್ಲಿನ ಬೆಸ್ತರು ಬುಗ್ಗೆಯ ಹತ್ತಿರದ ಕಪ್ಪೆಚಿಪ್ಪು ತಿನ್ನುವುದಿಲ್ಲವೆಂದೂ ನಗುತ್ತಾ ಹೇಳಿದ.

ಸಮದರು ಚಿಟಿಕೆ ಕೆಸರು ನಾಲಗೆಗಿಟ್ಟು ತಲೆಯಾಡಿಸಿದರು. ಉಪ್ಪಿತ್ತು.

ನನಗೆ ಕೊಳೆತ ಮೊಟ್ಟೆಯ ವಾಸನೆ ಬಡಿಯಿತು. ಬಾಯಿ ತೊಳೆಯಿರಿ ಎಂದೆ. ಬಿಸಿನೀರು ನೆಲದಾಳದ ಬಂಡೆಯಿಂದ ಕಬ್ಬಿಣ, ತಾಮ್ರ, ಸೋಮಲವೆಂಬ ವಿಷವನ್ನೂ ಕಣಕಣವಾಗಿ ಕರಗಿಸಿ ತರಬಹುದು. ಸಮುದ್ರದ ನೀರು ಸೇರಿದ ಕೂಡಲೇ ಬಹಳಷ್ಟು ಕೆಸರಿಗಿಳಿಯುತ್ತದೆ, ಉಳಿದದ್ದು ಚಿಪ್ಪಿನೊಳಗಿನ ಜೀವಿಯ ಮೈ ಸೇರುತ್ತದೆ. ನಾಲಗೆಗೆ ತಗುಲಿದ ಉಪ್ಪು ಬರೀ ಸಮುದ್ರದ್ದು. ಈ ವಾಸನೆ ಗಂಧಕದ್ದು. ಅದು ಬೆಳ್ಳಿಯನ್ನೂ ಕಪ್ಪಾಗಿಸದೆ ಬಿಡುವುದಿಲ್ಲ ಎಂದು ವಿವರಿಸಿದೆ.

“ಕೋಟಿ ಮಣ್ಣು ಬ್ಯಾಡ, ಇದೂ ಬ್ಯಾಡ. ನಮ್ಮ ಕೆಲಸಾನ ಬಂದ್ ಮಾಡ್ರಿ ಅಂತ ಸರ್ಕಾರದವರು ಹೇಳಿ ಕಳಿಸ್ಯಾರೇನ್ರಿ, ಮಾಸ್ತರ?” ಎಂದರು ಸಮದರು.

ಬೆಳ್ಳಿ ತಂತಿಯ ತುಂಡೊಂದನ್ನು ಕೆಸರಿನಲ್ಲಿಟ್ಟು ಕಾಯಿಸಿ ನೋಡಿರೆಂದೆ. ಕಾಯಿಸಿದರು. ತಂತಿ ಇದ್ದಿಲಿನಂತೆ ಕಪ್ಪಾಯಿತು. ಅವರು ಸುರಾಯಿಯನ್ನು ಮಡಿಲಿಗೆಳೆದುಕೊಂಡು, ಜ್ಞಾನೇಶ್ವರನನ್ನು ದಿಟ್ಟಿಸುತ್ತಲೇ ಬಾಯಿ ಮುಕ್ಕಳಿಸಿದರು. ತನಗಿದು ಗೊತ್ತಿರಲಿಲ್ಲವೆಂದು ಅವನು ಪಾಂಡುರಂಗನ ಆಣೆಯಿಟ್ಟ.

ಮರುದಿನ ಸಮದರು ನನ್ನನ್ನೂ ಕೋಟೆಗೆ ಕರೆದೊಯ್ದರು. ಯಾರೂ ತಡೆಯಲಿಲ್ಲ. ಮಣ್ಣು ಕೆರೆದು ತಾವು ರುಚಿ ನೋಡಿ, ನನಗೂ ಚಿಟಿಕೆ ಚಾಚಿದರು.

“ನೀವೂ ನೋಡ್ರಿ. ನಾಳಿ ಕಚೇರಿಯವರು ಕೇಳಿದ್ರ, ಮಾಸ್ತರೂ ತಿಂದಾರ ಅಂತ ಹೇಳ್ತೇನಿ.”

ತಿಂದೆ.

ಸಂಜೆ ಆ ಮಣ್ಣಿನ ನೀರಿನಿಂದ ಸುರಾಯಿ ಕಪ್ಪಾಗಿ ಹೊರಬಂತು. ಬೆಳ್ಳಿಯ ಬಳ್ಳಿ ಬೆಳ್ಳಗೇ ಇತ್ತು. ಸಮದರು ಅದನ್ನು ಜ್ಞಾನೇಶ್ವರನಿಗೆ ಕೊಡುವ ಮೊದಲು, ಕೆಸರು ಮುಟ್ಟಿದ್ದ ಅವನ ಎರಡೂ ಕೈ ತೊಳೆಸಿದರು.