ಅತ್ತೆ ಹಸನು ಮಾಡಿದ ಹೂದೋಟ

ಬೀದರಿನ ನಮ್ಮ ಮನೆಯ ಮುಂದೆ ಎರಡು ವರ್ಷ ಕಷ್ಟಪಟ್ಟು ನಾನೊಂದು ಹೂದೋಟ ಬೆಳೆಸಿದ್ದೆ. ನೋಡಿದವರು ಅದನ್ನು ಹಾಳುಬಿದ್ದ ಸೈಟು ಎಂದುಕೊಳ್ಳುತ್ತಿದ್ದರು. ತಂಗಡಿ, ತುಂಬೆ, ಎಕ್ಕೆ, ಎಲ್ಲವೂ ಈ ನೆಲದಲ್ಲಿ ತಾವಾಗಿ ಬೆಳೆಯುವ ಗಿಡಗಳೇ. ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಗುಲಾಬಿ ಸಾಕುವುದು ಸೊಕ್ಕಿನ ಕೆಲಸ ಎಂದು ನನಗೆ ಜ್ಞಾನೋದಯವಾಗಿತ್ತು. ಕಚೇರಿ ಕೆಲಸಕ್ಕೆ ಭಾಲ್ಕಿಗೋ ಔರಾದಿಗೋ ಹೋದಾಗಲೆಲ್ಲ ರಸ್ತೆ ಪಕ್ಕ ಬೀಜ ಆರಿಸಿ ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದೆ. ಮುಂದೆ ಚಿಟ್ಟೆಯಾಗಲಿ ಎಂದು ಹಸಿರು ಹುಳಗಳಿಗೆ ತಂಗಡಿಯ ಎಲೆಗಳನ್ನೆಲ್ಲ ಬಿಟ್ಟುಕೊಟ್ಟಿದ್ದೆ. ಕಚೇರಿಯಲ್ಲಿ ಇದನ್ನೇ ಹೇಳಿ ಹೇಳಿ ಎಲ್ಲರ ತಲೆ ತಿಂದು, ಯುಗಾದಿಯ ಮುಂಚಿನ ಭಾನುವಾರ ತೋಟ ನೋಡಲು ನಾಲ್ವರನ್ನು ಚಹಾಕ್ಕೆ ಕರೆದೂ ಆಗಿತ್ತು.

ಆ ಶುಕ್ರವಾರ ಠಾಣಾ ಕುಶನೂರಿನಿಂದ ಅತ್ತೆ ಬಂದರು. ನಲವತ್ತು ವರ್ಷ ಹೊಲದಲ್ಲಿ ಕಳೆ ತೆಗೆದ ಕೈ ಅವರದು. ಎಲ್ಲಿಗೆ ಹೋದರೂ ಚೀಲದಲ್ಲಿ ಸೀರೆಯ ಜೊತೆ ಕಳೆ ಕೀಳುವ ಕುರ್ಪಿ ಇರಲೇಬೇಕು. ಶನಿವಾರ ನಾನು ಕಚೇರಿಯಿಂದ ಬರುವಷ್ಟರಲ್ಲಿ ಅಂಗಳ ಅಂಗೈಯಂತೆ ಸ್ವಚ್ಛವಾಗಿತ್ತು. ಗೇಟಿನ ಬಳಿ ನನ್ನ ಎರಡು ವರ್ಷ ರಾಶಿ ಬಿದ್ದು ಬಾಡುತ್ತಿತ್ತು. ಹುಳಗಳನ್ನು ಆರಿಸಿ ಪಕ್ಕದ ಮನೆಯ ಕೋಳಿಗಳಿಗೆ ಹಾಕಿದ್ದರು.

ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಾತು ತೆಗೆದರು.

"ಇಷ್ಟು ಕಸ ಬೆಳದದಂದ್ರ ನಿನಗ ನೌಕರಿಯೊಳಗ ಎಷ್ಟು ತ್ರಾಸ ಇರಬೇಕು ಅಂತ ತಿಳೀತವ್ವ. ಊರಾಗ ಈಗ ಹೊಲಕ್ಕ ಕಸ ಸಾಯೋ ಎಣ್ಣಿ ಹೊಡೀತಾರ. ನನ್ನ ಕೈ ಯಾರಿಗೂ ಬ್ಯಾಡಾಗ್ಯಾವ. ಇವತ್ತ ಹೊಟ್ಟಿ ತುಂಬ ಉಂಡಂಗಾತು."

ಛಲೋ ಮಾಡಿದ್ರಿ ಎಂದು ಹೇಳಿ, ಒಳಗೆ ಹೋಗಿ ಚಹಾಕ್ಕಿಟ್ಟೆ. ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿಯೇ ಇತ್ತು.

ಭಾನುವಾರ ಕಚೇರಿಯವರು ಬಂದರು. ಬರಿನೆಲವನ್ನು ಸುತ್ತಿ ನೋಡಿ, ಇಂಥ ತೋಟಕ್ಕೆ ನಿಜಕ್ಕೂ ನೀರೇ ಬೇಡ ಎಂದು ಒಬ್ಬರು ಮೆಚ್ಚಿಕೊಂಡರು. ಹೊಗಳಿಕೆ ತಮಗೇ ಸಂದದ್ದೆಂದು ತಿಳಿದ ಅತ್ತೆ ಅವರಿಗೆ ಇನ್ನೊಂದು ಕಪ್ ಚಹಾ ಕೊಡಿಸಿದರು.

ಮಳೆ ಬಿದ್ದ ಮೇಲೆ ಮಣ್ಣಿಗೆ ಉದುರಿದ್ದ ಬೀಜಗಳೆಲ್ಲ ಮೊಳೆತವು. ಕುರ್ಪಿ ಆಡಿದ ನೆಲವಲ್ಲವೇ, ಮೊದಲಿಗಿಂತ ದಟ್ಟವಾಗಿಯೇ ಬಂದವು. ಅಷ್ಟರಲ್ಲಿ ಊರಿಂದ ಅತ್ತೆಯ ಫೋನು.

"ಕಸ ಬಂದದೇನವ್ವ? ಬರ್ಲೇನು?"

ಆ ದನಿಯಲ್ಲಿದ್ದ ಆಸೆಗೆ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಹಿತ್ತಲದಾಗ ಭಾಳ ಬಂದದರಿ. ಬರ್ರಿ. ಮನಿ ಮುಂದಿನ ಗಿಡ ಮಾತ್ರ ನಿಮ್ಮ ಮಗ ಹಚ್ಯಾರರಿ."

ತುಂಬೆಗೂ ತೊಗರಿಗೂ ವ್ಯತ್ಯಾಸ ತಿಳಿಯದ ನನ್ನ ಗಂಡ ಹೀಗೆ ಒಂದೇ ಮಾತಿಗೆ ತೋಟಗಾರನಾದ. ಮಗ ಹಚ್ಚಿದ ಗಿಡಗಳಿಗೆ ಅಂದಿನಿಂದ ಕುರ್ಪಿ ಸೋಕಿಲ್ಲ. ಹುಳ ತಿಂದ ಎಲೆಗಳನ್ನು ಕಂಡರೂ ಅತ್ತೆ ಅವನ ಕೈಗುಣ ಹೊಗಳುತ್ತಾರೆ.

ಈ ಯುಗಾದಿಗೂ ಅವರು ಬರುತ್ತಿದ್ದಾರೆ. ಈ ಬಿಸಿಲಿಗೆ ಹಿತ್ತಲಲ್ಲಿ ಕಸ ತಾನಾಗಿ ಏಳುವುದಿಲ್ಲ. ಹಾಗಾಗಿ, ಮನೆ ಮುಂದಿನ ಹೂಗಳಿಗೆ ಒಂದು ಹನಿಯನ್ನೂ ಹಾಕದ ನಾನು, ನಳ ಬಂದ ದಿನ ಎರಡು ಕೊಡ ನೀರು ಹೊತ್ತುಕೊಂಡು ಹೋಗಿ ಹಿತ್ತಲ ಕಸಕ್ಕೆ ಹಾಕುತ್ತೇನೆ.